ಮರಳಿ ಮರಳಿ ಕೇಳಿದ ಮಾತು: ಮಗ್ದಲದ ಮರಿಯಳ ಕುರಿತ ನಂಬಿಕೆಯೊಂದರ ವಿಮರ್ಶೆ

ಶುಭಸಂದೇಶಗಳ ಅಧ್ಯಯನವನ್ನು ಆರಂಭಿಸುವ ದಿನ ತರಗತಿಯಲ್ಲಿ ನಾವು ಒಂದು ಪ್ರಶ್ನೆಯನ್ನು ಕೇಳುವುದುಂಟು: ಮಗ್ದಲದ ಮರಿಯಳು ಯಾರು? ಬೈಬಲನ್ನು ತೆರೆಯದೆ ನೆನಪಿನಿಂದಲೇ ಉತ್ತರಿಸಬೇಕು. ಉತ್ತರ ತಡವಾಗುವುದಿಲ್ಲ. ಆಕೆ ವೇಶ್ಯೆಯಾಗಿದ್ದಳು, ಪಶ್ಚಾತ್ತಾಪಪಟ್ಟು ಯೇಸುಸ್ವಾಮಿಯ ಪಾದಗಳನ್ನು ಕಣ್ಣೀರಿನಿಂದ ತೊಯಿಸಿ ತಲೆಗೂದಲಿನಿಂದ ಒರೆಸಿದಳು. ಬಳಿಕ ಬೈಬಲನ್ನು ತೆರೆದು ಆ ವಚನವನ್ನು ತೋರಿಸಿರೆಂದು ಕೇಳಿದರೆ ಪುಟಗಳು ಹಿಂದಕ್ಕೂ ಮುಂದಕ್ಕೂ ಮಗುಚತೊಡಗುತ್ತವೆ. ವಚನ ಸಿಗುವುದಿಲ್ಲ. ಅಂಥ ವಚನವೇ ಇಲ್ಲ.

ಇದಕ್ಕಾಗಿ ಗುರುವಿದ್ಯಾರ್ಥಿಗಳನ್ನು ದೂಷಿಸುವ ಹಕ್ಕು ನಮಗಿಲ್ಲ. ಯಾಜಕದೀಕ್ಷೆಯ ನಂತರದ ಮೊದಲ ವರ್ಷಗಳಲ್ಲಿ ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ನಾವೂ ಇದನ್ನೇ ಬೋಧಿಸಿದ್ದೇವೆ. ಯಾವ ಗ್ರಂಥವನ್ನೂ ನೋಡಿ ಹೇಳಿದ್ದಲ್ಲ. ಬಾಲ್ಯದಿಂದ ಕೇಳಿದ್ದನ್ನು ಹೇಳಿದೆವು. ಕೇಳಿದವರು ತಲೆದೂಗಿದರು, ಏಕೆಂದರೆ ಅವರೂ ಬಾಲ್ಯದಿಂದ ಅದನ್ನೇ ಕೇಳಿದ್ದರು. ಸತ್ಯವೆಂದು ಪರೀಕ್ಷಿಸಿ ಒಪ್ಪಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಹೀಗಿದ್ದೂ ಅದು ನಮ್ಮೆಲ್ಲರ ನಂಬಿಕೆಯಾಗಿತ್ತು. ಒಂದು ಮಾತು ಪುನರುಕ್ತಿಯಿಂದಲೇ ನಂಬಿಕೆಯಾಗುವ ಬಗೆ ಯಾವುದು, ಹಾಗೆ ನೆಲೆಯಾದ ತಪ್ಪನ್ನು ತಿದ್ದುವ ಬಗೆ ಯಾವುದು ಎಂಬುದೇ ಈ ಬರಹದ ವಿಚಾರ.

ವಚನಗಳು ಹೇಳುವುದೇನು?

ಮೊದಲು ಮೂಲಕ್ಕೆ ಹೋಗೋಣ. ಸಂತ ಲೂಕರ 7ನೆಯ ಅಧ್ಯಾಯದಲ್ಲಿ ಫರಿಸಾಯನಾದ ಸಿಮೋನನ ಮನೆಗೆ ಬಂದು ಯೇಸುವಿನ ಪಾದಗಳ ಬಳಿ ಅತ್ತ ಸ್ತ್ರೀಗೆ ಹೆಸರಿಲ್ಲ. ಆಕೆ ಆ ಊರಿನಲ್ಲಿ ಪಾಪಿಯೆಂದು ಹೆಸರಾದವಳು. ಅವಳ ಪಾಪ ಯಾವುದೆಂದು ಲೂಕರು ತಿಳಿಸುವುದಿಲ್ಲ. ವೇಶ್ಯೆ ಎಂಬ ಪದವೂ ಅಲ್ಲಿಲ್ಲ. ಮುಂದಿನ ಅಧ್ಯಾಯದ ಮೊದಲ ಮೂರು ವಚನಗಳಲ್ಲಿ ಮಗ್ದಲದ ಮರಿಯಳು ಹೊಸಬಳಾಗಿ, ಹೆಸರಿನೊಡನೆ ಪ್ರವೇಶಿಸುತ್ತಾಳೆ. ಅವಳಿಂದ ಏಳು ದೆವ್ವಗಳು ಹೊರಟುಹೋಗಿದ್ದವು. ಯೊವಾನ್ನಳು, ಸುಸನ್ನಳು ಮೊದಲಾದವರ ಜೊತೆಗೂಡಿ ಆಕೆ ತನ್ನ ಸ್ವತ್ತಿನಿಂದ ಯೇಸುವಿಗೂ ಹನ್ನೆರಡು ಮಂದಿಗೂ ಉಪಚಾರ ಮಾಡುತ್ತಿದ್ದಳು. ಶುಭಸಂದೇಶಗಳಲ್ಲಿ ದೆವ್ವಹಿಡಿಯುವುದು ಪೀಡೆ. ಪೀಡಿತರನ್ನು ಯೇಸು ಬಿಡಿಸುತ್ತಾರೆಯೇ ಹೊರತು ಅವರಿಂದ ಪಶ್ಚಾತ್ತಾಪವನ್ನು ಕೇಳುವುದಿಲ್ಲ.

ಬೆಥಾನಿಯದ ಮರಿಯಳು ಮತ್ತೊಬ್ಬಳು. ಆಕೆ ಮಾರ್ಥಳ ಮತ್ತು ಲಾಸರನ ಸಹೋದರಿ. ಸಂತ ಯೊವಾನ್ನರ 12ನೆಯ ಅಧ್ಯಾಯದಲ್ಲಿ ಯೇಸುವಿನ ಪಾದಗಳಿಗೆ ಸುಗಂಧ ತೈಲವನ್ನು ಹಚ್ಚಿ ತಲೆಗೂದಲಿನಿಂದ ಒರೆಸಿದವಳು. ಸಂತ ಮಾರ್ಕ ಮತ್ತು ಸಂತ ಮತ್ತಾಯರಲ್ಲಿ ಬೆಥಾನಿಯದ ಇನ್ನೊಬ್ಬ ಸಿಮೋನನ, ಕುಷ್ಠರೋಗಿಯೆಂದು ಕರೆಯಲಾದವನ, ಮನೆಯಲ್ಲಿ ಹೆಸರಿಲ್ಲದ ಸ್ತ್ರೀಯೊಬ್ಬಳು ತೈಲವನ್ನು ಯೇಸುವಿನ ತಲೆಯ ಮೇಲೆ ಸುರಿಯುತ್ತಾಳೆ. ತೈಲ, ತಲೆಗೂದಲು, ಸಿಮೋನನೆಂಬ ಹೆಸರು, ಮರಿಯಳೆಂಬ ಹೆಸರು: ಈ ಹೋಲಿಕೆಗಳು ಓದುಗನ ನೆನಪಿನಲ್ಲಿ ಒಂದರ ಮೇಲೊಂದು ಬಿದ್ದು ಬೆರೆತುಹೋಗುವುದು ಸಹಜ.

ಮಗ್ದಲದ ಮರಿಯಳ ಬಗ್ಗೆ ನಾಲ್ಕು ಶುಭಸಂದೇಶಗಳೂ ಒಟ್ಟಾಗಿ ಹೇಳುವ ಮಾತು ಬೇರೆಯೇ ಇದೆ. ಆಕೆ ಶಿಲುಬೆಯ ಸಾಕ್ಷಿ. ಬರಿದಾದ ಸಮಾಧಿಯ ಸಾಕ್ಷಿ. ಯೊವಾನ್ನರ 20ನೆಯ ಅಧ್ಯಾಯದಲ್ಲಿ ಪುನರುತ್ಥಾನ ಹೊಂದಿದ ಪ್ರಭುವನ್ನು ಮೊದಲು ಕಂಡವಳು ಆಕೆ. ಪ್ರಭು ತನ್ನ ಸಹೋದರರ ಬಳಿಗೆ ಮೊದಲು ಕಳುಹಿಸಿದ್ದೂ ಆಕೆಯನ್ನೇ. ವಚನ ಒತ್ತಿ ಹೇಳುವ ಈ ಮಾತು ನಮ್ಮ ಜನರ ನೆನಪಿನಲ್ಲಿ ಮಸುಕಾಗಿದೆ. ವಚನ ಎಲ್ಲಿಯೂ ಹೇಳದ ಮಾತು ನಿಚ್ಚಳವಾಗಿದೆ.

ಒಂದು ಪ್ರಬೋಧನೆಯಿಂದ ಒಂದು ಪರಂಪರೆ

6ನೆಯ ಶತಮಾನದ ಕೊನೆಯ ದಶಕದಲ್ಲಿ ರೋಮಿನಲ್ಲಿ ಮಹಾ ಸಂತ ಗ್ರೆಗೊರಿಯವರು ನೀಡಿದ ಶುಭಸಂದೇಶ ಪ್ರಬೋಧನೆಗಳಲ್ಲಿ 33ನೆಯದು ಲೂಕರ ಪಾಪಿಸ್ತ್ರೀಯನ್ನು ಕುರಿತದ್ದು. ಅಲ್ಲಿ ಅವರು ಲೂಕರು ಪಾಪಿಯೆಂದು ಕರೆದವಳು, ಯೊವಾನ್ನರು ಮರಿಯಳೆಂದು ಕರೆದವಳು, ಮಾರ್ಕರು ಏಳು ದೆವ್ವಗಳಿಂದ ಬಿಡುಗಡೆಯಾದಳೆಂದು ಹೇಳಿದವಳು ಈ ಮೂವರೂ ಒಬ್ಬಳೇ ಎಂದು ನಾವು ನಂಬುತ್ತೇವೆ ಎಂದರು. ಏಳು ದೆವ್ವಗಳೆಂದರೆ ಸಕಲ ದುರ್ಗುಣಗಳು ಎಂದು ಅರ್ಥೈಸಿದರು.

ಈ ಪಠ್ಯವನ್ನು ನ್ಯಾಯವಾಗಿ ಓದಬೇಕು. ಗ್ರೆಗೊರಿಯವರು 590ರಲ್ಲಿ ವಿಶ್ವಗುರುವಾದಾಗ ರೋಮ್ ನಗರ ಮಹಾಮಾರಿಯಿಂದ ನಲುಗಿತ್ತು. ಅವರ ಮುಂದಿದ್ದವರು ಸಾವನ್ನು ಕಣ್ಣಾರೆ ಕಂಡ ಜನ. ಎಷ್ಟು ದೊಡ್ಡ ಪಾಪಿಗೂ ಕ್ಷಮೆಯುಂಟು, ಕ್ಷಮೆ ಪಡೆದವರು ಪ್ರಭುವಿಗೆ ಅತ್ಯಂತ ಆಪ್ತರಾಗಬಲ್ಲರು ಎಂದು ಹೇಳಲು ಅವರಿಗೆ ಒಂದು ಮುಖ ಬೇಕಿತ್ತು. ಆ ಪ್ರಬೋಧನೆಯ ಕರುಣೆ ನಿಜವಾದದ್ದು. ಅವರೇ 25ನೆಯ ಪ್ರಬೋಧನೆಯಲ್ಲಿ, ಶಿಷ್ಯರು ಹಿಂದಿರುಗಿದ ಮೇಲೂ ಸಮಾಧಿಯನ್ನು ಬಿಡದೆ ನಿಂತು ಹುಡುಕಿದ ಮರಿಯಳ ಪ್ರೀತಿಯನ್ನು ಮನಮುಟ್ಟುವಂತೆ ಕೊಂಡಾಡಿದ್ದಾರೆ. ಆದರೆ ಅಲ್ಲಿಯೂ ಆಕೆಯನ್ನು ಹಿಂದೆ ಪಾಪಿಯಾಗಿದ್ದವಳೆಂದೇ ಪರಿಚಯಿಸುತ್ತಾರೆ.

ನಮ್ಮ ಗಮನ ನಿಲ್ಲಬೇಕಾದದ್ದು 'ನಾವು ನಂಬುತ್ತೇವೆ' ಎಂಬ ಕ್ರಿಯಾಪದದ ಮೇಲೆ. ಇದು ವಚನದ ಆಧಾರದಿಂದ ನಿರ್ಣಯಿಸಿದ ಮಾತಲ್ಲ, ವ್ಯಾಖ್ಯಾನಕಾರನ ಅಭಿಪ್ರಾಯ. ಆದರೆ ಬೋಧಕನು 'ನಾವು' ಎಂದಾಗ ಕೇಳುವವನೂ ಅದರೊಳಗೆ ಸೇರಿಹೋಗುತ್ತಾನೆ. ಗ್ರೆಗೊರಿಯವರ ಪ್ರಬೋಧನೆಗಳು ಮಠಗಳಲ್ಲಿ ಪ್ರತಿಯಾದವು, ಪ್ರಾರ್ಥನಾವಿಧಿಯಲ್ಲಿ ವಾಚನವಾದವು. ಒಮ್ಮೆ ಆಡಿದ ಅಭಿಪ್ರಾಯ ವರ್ಷವರ್ಷವೂ ಓದುವ ಪಾಠವಾಯಿತು.

ಅಲ್ಲಿಂದ ಮುಂದೆ ಪುನರುಕ್ತಿ ತನ್ನ ಕೆಲಸವನ್ನು ತಾನೇ ಮಾಡಿತು. 13ನೆಯ ಶತಮಾನದಲ್ಲಿ ವೊರಾಜಿನೆಯ ಯಾಕೋಬರು ಸಂಗ್ರಹಿಸಿದ ಸಂತರ ಕಥೆಗಳಲ್ಲಿ ಆಕೆಗೆ ಸಿರಿವಂತಿಕೆ, ಸೌಂದರ್ಯ, ಸುಖಲೋಲುಪತೆಗಳು ಕೂಡಿಕೊಂಡವು. ಚಿತ್ರಕಾರರು ಬಿಚ್ಚಿದ ಕೂದಲನ್ನೂ ತೈಲದ ಭರಣಿಯನ್ನೂ ಕೊಟ್ಟರು. 1570ರ ರೋಮನ್ ಪೂಜಾಗ್ರಂಥದಲ್ಲಿ ಜುಲೈ 22ರಂದು ಆಕೆಯ ಹಬ್ಬಕ್ಕೆ ನಿಗದಿಯಾದ ಶುಭಸಂದೇಶ ಲೂಕರ ಪಾಪಿಸ್ತ್ರೀಯ ಪ್ರಸಂಗವೇ. ಅಂದಿನ ಆರಂಭ ಪ್ರಾರ್ಥನೆ ಆಕೆಯನ್ನು ಲಾಸರನ ಸಹೋದರಿಯಾಗಿ ಸ್ಮರಿಸುತ್ತಿತ್ತು. ಮೃತರ ಬಲಿಪೂಜೆಯಲ್ಲಿ ಹಾಡುತ್ತಿದ್ದ 'ದಿಯೆಸ್ ಈರೆ' ಗೀತೆ ಕ್ಷಮೆ ಪಡೆದ ಪಾಪಿಯಾಗಿ ಮರಿಯಳ ಹೆಸರನ್ನೆತ್ತುತ್ತಿತ್ತು. ಲತೀನ್ ಧರ್ಮಸಭೆ ತನ್ನ ಮೃತರನ್ನು ಬೀಳ್ಕೊಡುವಾಗಲೆಲ್ಲ ಆ ಗುರುತನ್ನು ಮತ್ತೊಮ್ಮೆ ಆಲಿಸಿತು. ಪೂರ್ವದ ಗ್ರೀಕ್ ಧರ್ಮಸಭೆಯಾದರೋ ಈ ಸ್ತ್ರೀಯರನ್ನು ಬೇರೆಬೇರೆಯಾಗಿಯೇ ಉಳಿಸಿಕೊಂಡು, ಮಗ್ದಲದ ಮರಿಯಳನ್ನು ಪ್ರೇಷಿತರಿಗೆ ಸಮಾನಳೆಂದು ಕರೆಯಿತು. ಒಂದೇ ಬೈಬಲ್, ಮರುಕಳಿಸಿದ ಮಾತು ಬೇರೆ, ಆದ್ದರಿಂದ ನಂಬಿಕೆಯೂ ಬೇರೆ.

ಪುನರುಕ್ತಿ ದುಡಿಯುವ ಬಗೆ

ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎನ್ನುತ್ತದೆ ನಮ್ಮ ಗಾದೆ. ಅಭ್ಯಾಸ ಒಂದೇ, ಅದರಿಂದ ರಾಗವೂ ಹುಟ್ಟುತ್ತದೆ, ರೋಗವೂ ಹುಟ್ಟುತ್ತದೆ. ಪಂಚತಂತ್ರದ ಬ್ರಾಹ್ಮಣನು ಹೆಗಲ ಮೇಲಿನ ಆಡನ್ನು ಕೊನೆಗೆ ಇಳಿಸಿ ಹೋದದ್ದು ಯಾರದೋ ವಾದಕ್ಕೆ ಸೋತಲ್ಲ. ದಾರಿಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಅದನ್ನು ನಾಯಿಯೆಂದದ್ದರಿಂದ. ಹೆಗಲ ಮೇಲಿನ ಭಾರ ಅವನಿಗೆ ಆಡೆಂದೇ ತಿಳಿದಿತ್ತು. ಆ ತಿಳಿವು ಅವನನ್ನು ಕಾಪಾಡಲಿಲ್ಲ.

ಇದನ್ನು ಮನಃಶಾಸ್ತ್ರವೂ ಪರೀಕ್ಷಿಸಿದೆ. 1977ರಲ್ಲಿ ಹ್ಯಾಶರ್, ಗೋಲ್ಡ್‌ಸ್ಟೀನ್, ಟೊಪ್ಪಿನೊ ಎಂಬ ಅಮೆರಿಕದ ಸಂಶೋಧಕರು ಎರಡೆರಡು ವಾರಗಳ ಅಂತರದಲ್ಲಿ ಮೂರು ಬಾರಿ ವಿದ್ಯಾರ್ಥಿಗಳಿಗೆ 60 ಹೇಳಿಕೆಗಳನ್ನು ಕೇಳಿಸಿ, ಅವು ಎಷ್ಟರಮಟ್ಟಿಗೆ ನಿಜವೆನಿಸುತ್ತವೆ ಎಂದು ಗುರುತಿಸಲು ಹೇಳಿದರು. ಅವುಗಳಲ್ಲಿ 20 ಹೇಳಿಕೆಗಳು ಮೂರೂ ಬಾರಿ ಮರುಕಳಿಸಿದವು. ಮರುಕಳಿಸಿದವು ನಿಜವಿರಲಿ ಸುಳ್ಳಿರಲಿ, ಬಾರಿ ಬಾರಿಗೂ ಹೆಚ್ಚು ನಿಜವೆನಿಸಿದವು. 2015ರಲ್ಲಿ ಫಾಜಿಯೊ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಸರಿಯಾದ ಉತ್ತರ ತಿಳಿದಿದ್ದವರಿಗೂ ಮರುಕಳಿಸಿದ ಸುಳ್ಳು ಹೆಚ್ಚು ನಿಜವೆನಿಸಿತು. ಪರಿಚಿತವಾದದ್ದು ಮನಸ್ಸಿನಲ್ಲಿ ಸಲೀಸಾಗಿ ಹರಿಯುತ್ತದೆ. ಆ ಸಲೀಸನ್ನೇ ನಾವು ಸತ್ಯದ ಗುರುತೆಂದು ಭಾವಿಸುತ್ತೇವೆ.

ಇದರಿಂದ ವಿಶ್ವಾಸವೆಲ್ಲ ಪುನರುಕ್ತಿಯ ಭ್ರಮೆ ಎಂದು ತೀರ್ಮಾನಿಸುವವರಿದ್ದಾರೆ. ಆ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಪುನರುಕ್ತಿ ಒಂದು ವಾಹನ. ಅದರಲ್ಲಿ ಸತ್ಯವೂ ಪಯಣಿಸುತ್ತದೆ. ಧರ್ಮೋಪದೇಶಕಾಂಡದ 6ನೆಯ ಅಧ್ಯಾಯ ದೇವರ ಆಜ್ಞೆಗಳನ್ನು ಮಕ್ಕಳಿಗೆ ಮನದಟ್ಟು ಮಾಡಿಸಬೇಕು, ಮನೆಯಲ್ಲಿ ಕುಳಿತಾಗಲೂ ದಾರಿಯಲ್ಲಿ ನಡೆಯುವಾಗಲೂ ಅವುಗಳನ್ನೇ ಮಾತನಾಡಬೇಕು ಎನ್ನುತ್ತದೆ. ಯೆಹೂದ್ಯರ 'ಮಿಷ್ನಾ' ಎಂಬ ಹೆಸರಿನ ಧಾತುವಿಗೇ ಮರಳಿ ಹೇಳುವುದೆಂಬ ಅರ್ಥವಿದೆ. ಮತ್ತಾಯರ 6ನೆಯ ಅಧ್ಯಾಯದಲ್ಲಿ ಪ್ರಭು ಎಚ್ಚರಿಸುವುದು ಬರಿಯ ಮಾತಿನ ರಾಶಿಯ ವಿರುದ್ಧ. ಅದರ ಬೆನ್ನಲ್ಲೇ ಅವರು ಕಲಿಸುವುದು ನಾವು ದಿನವೂ ಹೇಳುವ ಪ್ರಾರ್ಥನೆಯನ್ನು. ಜಪಸರದ ಮಣಿಗಳನ್ನು ಎಣಿಸುವ ಅಜ್ಜಿಯೊಬ್ಬಳ ವಿಶ್ವಾಸ ನಮ್ಮ ಪಠ್ಯಪುಸ್ತಕಗಳಿಗಿಂತ ಗಟ್ಟಿಯಾಗಿರುವುದನ್ನು ಮರಣಶಯ್ಯೆಗಳ ಬಳಿ ಕುಳಿತ ಯಾಜಕರೆಲ್ಲರೂ ಬಲ್ಲರು. 5ನೆಯ ಶತಮಾನದಲ್ಲಿ ಅಕ್ವಿಟೇನಿನ ಪ್ರಾಸ್ಪರ್ ರೂಪಿಸಿದ ಸೂತ್ರ, ಅಂದರೆ ಪ್ರಾರ್ಥನೆಯ ನಿಯಮವೇ ವಿಶ್ವಾಸದ ನಿಯಮವನ್ನು ಸ್ಥಾಪಿಸುತ್ತದೆಂಬ ಮಾತು, ಈ ಅನುಭವದ ಮೇಲೆಯೇ ನಿಂತಿದೆ. ಅದೇ ಸೂತ್ರದಲ್ಲಿ ಎಚ್ಚರಿಕೆಯೂ ಅಡಗಿದೆ. ಪ್ರಾರ್ಥನೆ ವಿಶ್ವಾಸವನ್ನು ರೂಪಿಸುವುದಾದರೆ, ಪ್ರಾರ್ಥನೆಯೊಳಗೆ ಸೇರಿಕೊಂಡ ತಪ್ಪೂ ವಿಶ್ವಾಸದ ವೇಷವನ್ನು ತೊಡುತ್ತದೆ.

ಫಿಶರರ ಆತಂಕ

ಈ ಎಚ್ಚರಿಕೆ 16ನೆಯ ಶತಮಾನದಲ್ಲಿ ಬಹಿರಂಗ ವಿವಾದವಾಯಿತು. ಫ್ರಾನ್ಸಿನ ಪಂಡಿತ ಜಾಕ್ ಲೆಫೆವ್ರ್ ದೆತಾಪ್ಲ್ ಅವರು ಶುಭಸಂದೇಶಗಳನ್ನು ಆಧರಿಸಿ, ಇವರು ಮೂವರು ಬೇರೆಬೇರೆ ಸ್ತ್ರೀಯರೆಂದು ಬರೆದರು. 1519ರಲ್ಲಿ ಇಂಗ್ಲೆಂಡಿನ ರೋಚೆಸ್ಟರಿನ ಧರ್ಮಾಧ್ಯಕ್ಷ, ಮುಂದೆ ರಕ್ತಸಾಕ್ಷಿಯಾದ ಸಂತ ಜಾನ್ ಫಿಶರರು ಅದಕ್ಕೆ ಉತ್ತರ ಬರೆದರು. 1521ರಲ್ಲಿ ಪ್ಯಾರಿಸಿನ ದೈವಶಾಸ್ತ್ರ ಪೀಠ ಲೆಫೆವ್ರರ ಅಭಿಪ್ರಾಯವನ್ನು ಖಂಡಿಸಿತು.

ಫಿಶರರು ವಚನದ ಆಧಾರದಿಂದಲೂ ವಾದಿಸಿದರು. ಆದರೆ ಅವರ ಮನಸ್ಸನ್ನು ಕಲಕಿದ್ದು ಬೇರೊಂದು ಚಿಂತೆ. ಇದನ್ನು ಒಪ್ಪಿದರೆ ಎಷ್ಟು ಲೇಖಕರನ್ನು ತಳ್ಳಿಹಾಕಬೇಕಾದೀತು, ಎಷ್ಟು ಗ್ರಂಥಗಳನ್ನು ತಿದ್ದಬೇಕಾದೀತು, ಜನರಿಗೆ ಈಗಾಗಲೇ ಬೋಧಿಸಿದ ಎಷ್ಟು ಪ್ರಬೋಧನೆಗಳನ್ನು ಹಿಂದಕ್ಕೆ ಪಡೆಯಬೇಕಾದೀತು ಎಂದು ಅವರು ಕಳವಳಪಟ್ಟರು. ಇದು ಅಳುಕಿನ ಮನುಷ್ಯನ ಮಾತಲ್ಲ. ರಾಜನೆದುರು ಸತ್ಯಕ್ಕಾಗಿ ತಲೆಕೊಟ್ಟವರ ಮಾತು. ಆದ್ದರಿಂದಲೇ ಅದು ನಮಗೆ ಪಾಠ. ಒಂದು ಮಾತನ್ನು ಬಹಳ ಸಲ ಹೇಳಿದ್ದೇವೆ ಎಂಬುದು, ಅದನ್ನು ಇನ್ನು ಮುಂದೆಯೂ ಹೇಳಲು ಕಾರಣವಾಗಿಬಿಡುತ್ತದೆ. ಪುನರುಕ್ತಿ ಕೇಳುವವನಿಗಿಂತ ಬಿಗಿಯಾಗಿ ಹೇಳುವವನನ್ನೇ ಕಟ್ಟಿಹಾಕುತ್ತದೆ.

ನಮ್ಮ ವಿದ್ಯಾರ್ಥಿಗಳೂ ಇದೇ ಆತಂಕವನ್ನು ವ್ಯಕ್ತಪಡಿಸುತ್ತಾರೆ: ಧರ್ಮಸಭೆ ಇಷ್ಟು ಶತಮಾನ ತಪ್ಪಾಗಿ ಪ್ರಾರ್ಥಿಸಿತೇ? ನಮ್ಮ ಉತ್ತರ ಹೀಗಿದೆ. ಆ ಪ್ರಾರ್ಥನೆಯಲ್ಲಿ ಧರ್ಮಸಭೆ ಅರಿಕೆ ಮಾಡಿಕೊಂಡ ವಿಶ್ವಾಸ ದೇವರ ಕರುಣೆಯನ್ನು ಕುರಿತದ್ದು, ಅದು ತಪ್ಪಲ್ಲ. ತಪ್ಪಾದದ್ದು ಆ ಕರುಣೆಗೆ ಜೋಡಿಸಿದ ಹೆಸರು. ಪರಂಪರೆಯೆಂದರೆ ಹಿಂದಿನವರು ಹೇಳಿದ್ದನ್ನೆಲ್ಲ ಹಾಗೆಯೇ ಮರಳಿ ಹೇಳುವುದಲ್ಲ; ಪಡೆದದ್ದನ್ನು ಮೂಲದೊಡನೆ ಹೋಲಿಸಿ ಮುಂದಕ್ಕೆ ಒಪ್ಪಿಸುವುದು.

ಇದರಿಂದ ಕೆಟ್ಟದ್ದೇನು?

ಕರುಣೆಯ ಕಥೆಯಲ್ಲವೇ, ಹೆಸರು ತಪ್ಪಿದರೇನು ಎಂದು ಕೇಳುವವರಿದ್ದಾರೆ. ಮೊದಲನೆಯದಾಗಿ, ಲೂಕರ ಆ ಸ್ತ್ರೀಗೆ ಅನ್ಯಾಯವಾಗಿದೆ. ಪ್ರಭು ಆಕೆಯ ಪ್ರೀತಿಯನ್ನು ಎತ್ತಿಹಿಡಿದರು. ನಾವು ಬೇರೊಬ್ಬಳ ಚರಿತ್ರೆಯ ಮೊದಲ ಅಧ್ಯಾಯವಾಗಿ ಆಕೆಯನ್ನು ಬಳಸಿಕೊಂಡೆವು. ಎರಡನೆಯದಾಗಿ, ಪುನರುತ್ಥಾನದ ಸಾಕ್ಷ್ಯ ಮಂಕಾಗಿದೆ. ಸಂತ ತೋಮಸ್ ಅಕ್ವಿನಾಸರು ಯೊವಾನ್ನರ ವ್ಯಾಖ್ಯಾನದಲ್ಲಿ ಪ್ರೇಷಿತರಿಗೆ ಪ್ರೇಷಿತೆ ಎಂದು ಕರೆದವಳನ್ನು ನಮ್ಮ ಜನ ಅಳುವ ಹೆಂಗಸಾಗಿ ಮಾತ್ರ ಬಲ್ಲರು. ಪೇತ್ರನು ಮೂರು ಬಾರಿ ಪ್ರಭುವನ್ನು ನಿರಾಕರಿಸಿದ್ದು ನಾಲ್ಕೂ ಶುಭಸಂದೇಶಗಳಲ್ಲಿದೆ. ಹಾಗಿದ್ದೂ ಆತನ ಹೆಸರು ಕೇಳಿದೊಡನೆ ನಮಗೆ ಬಂಡೆ ಹೊಳೆಯುತ್ತದೆ, ಕೀಲಿಕೈ ಹೊಳೆಯುತ್ತದೆ. ಮರಿಯಳ ಪಾಪ ಒಂದರಲ್ಲಿಯೂ ಇಲ್ಲ. ಆಕೆಯ ಹೆಸರು ಕೇಳಿದೊಡನೆ ನಮಗೆ ಹೊಳೆಯುವುದು ಪಾಪ.

ಮೂರನೆಯದು ಜೀವಂತ ಮನುಷ್ಯರಿಗೆ ಸಂಬಂಧಿಸಿದ್ದು. 1758ರಲ್ಲಿ ಲಂಡನ್ನಿನಲ್ಲಿ, 1767ರಲ್ಲಿ ಡಬ್ಲಿನ್ನಿನಲ್ಲಿ 'ದಾರಿತಪ್ಪಿದ' ಸ್ತ್ರೀಯರಿಗಾಗಿ ತೆರೆದ ಆಶ್ರಯಗಳಿಗೆ ಮಗ್ದಲೆನಳ ಹೆಸರನ್ನಿಟ್ಟರು. ಐರ್ಲೆಂಡಿನಲ್ಲಿ ಅವು ಧಾರ್ಮಿಕ ಸಂಸ್ಥೆಗಳು ನಡೆಸುವ ಬಟ್ಟೆ ಒಗೆಯುವ ಮನೆಗಳಾದವು. ಅಲ್ಲಿನ ಸ್ತ್ರೀಯರು ಕೂಲಿಯಿಲ್ಲದೆ ದುಡಿದರು. 1922ರಿಂದ, ಕೊನೆಯದು ಮುಚ್ಚಿದ 1996ರವರೆಗೆ, ಸುಮಾರು 10,000 ಸ್ತ್ರೀಯರು ಅಲ್ಲಿದ್ದರೆಂದು ಸರ್ಕಾರಿ ಸಮಿತಿ 2013ರಲ್ಲಿ ವರದಿ ಮಾಡಿತು. ಆ ವರ್ಷದ ಫೆಬ್ರವರಿ 19ರಂದು ಪ್ರಧಾನಿ ಎಂಡಾ ಕೆನಿಯವರು ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಬಡತನ, ಕಾನೂನು, ಮಾನಮರ್ಯಾದೆಯ ಕಲ್ಪನೆಗಳು ಇವೆಲ್ಲ ಸೇರಿ ಆ ಮನೆಗಳನ್ನು ಕಟ್ಟಿದವು. ಗ್ರೆಗೊರಿಯವರ ಪ್ರಬೋಧನೆಯೊಂದೇ ಕಟ್ಟಿತೆಂದರೆ ಅದು ಚರಿತ್ರೆಗೆ ಅಪಚಾರ. ಆದರೆ ಬಾಗಿಲ ಮೇಲಿನ ಹೆಸರು ಆ ಪರಂಪರೆಯಿಂದಲೇ ಬಂದದ್ದು. ಒಳಗೆ ಬಂದವಳು ತಪ್ಪು ಮಾಡಿದ್ದಾಳೆಯೇ ಎಂದು ವಿಚಾರಿಸುವ ಮೊದಲೇ ಆ ಹೆಸರು ತೀರ್ಪು ಕೊಟ್ಟಿರುತ್ತಿತ್ತು.

ತಿದ್ದುಪಡಿ ಮತ್ತು ಮೌನ

1969ರಲ್ಲಿ ಆರನೆಯ ಪೌಲರ ಕಾಲದ ಪಂಚಾಂಗ ಪರಿಷ್ಕರಣೆಯಲ್ಲಿ ಈ ತಪ್ಪನ್ನು ತಿದ್ದಲಾಯಿತು. ಜುಲೈ 22ರ ಸ್ಮರಣೆ ಪುನರುತ್ಥಾನ ಹೊಂದಿದ ಪ್ರಭುವನ್ನು ಕಂಡ ಮಗ್ದಲದ ಮರಿಯಳದು ಮಾತ್ರ ಎಂದು ಸ್ಪಷ್ಟಪಡಿಸಲಾಯಿತು. ಶುಭಸಂದೇಶ ವಾಚನ ಯೊವಾನ್ನರ 20ನೆಯ ಅಧ್ಯಾಯಕ್ಕೆ ಬದಲಾಯಿತು. ಹೊಸ ಪ್ರಾರ್ಥನಾವಿಧಿಯಲ್ಲಿ ಉಳಿದ 'ದಿಯೆಸ್ ಈರೆ' ಗೀತೆಯಲ್ಲಿ ಮರಿಯಳ ಹೆಸರಿನ ಜಾಗಕ್ಕೆ ಪಾಪಿಸ್ತ್ರೀ ಎಂಬ ಪದ ಬಂತು. 2016ರ ಜೂನ್ 3ರ ಆಜ್ಞಾಪತ್ರ ಸ್ಮರಣೆಯನ್ನು ಹಬ್ಬವಾಗಿ ಏರಿಸಿ, ಪ್ರೇಷಿತರಿಗೆ ಪ್ರೇಷಿತೆ ಎಂಬ ಶೀರ್ಷಿಕೆಯ ಪೀಠಿಕಾ ಪ್ರಾರ್ಥನೆಯನ್ನು ಕೊಟ್ಟಿತು. 2021ರಲ್ಲಿ ಮಾರ್ಥಾ, ಮರಿಯಾ, ಲಾಸರರ ಸ್ಮರಣೆ ಜುಲೈ 29ಕ್ಕೆ ಒಟ್ಟಾಗಿ ನಿಗದಿಯಾಯಿತು. ಧರ್ಮಸಭೆ ಪ್ರಾರ್ಥನೆಯ ತಪ್ಪನ್ನು ಪ್ರಾರ್ಥನೆಯಿಂದಲೇ ತಿದ್ದಿತು. ಪ್ರಾಸ್ಪರರ ಸೂತ್ರ ಇಲ್ಲಿ ಔಷಧಿಯಾಗಿ ಕೆಲಸ ಮಾಡಿದೆ.

ಹೀಗಿದ್ದೂ ನಮ್ಮ ತರಗತಿಯ ಉತ್ತರ ಬದಲಾಗದಿರಲು ಕಾರಣ ವಾಚನಗ್ರಂಥದಲ್ಲಿಯೇ ಇದೆ. ಪುನರುತ್ಥಾನ ಭಾನುವಾರದ ಹಗಲಿನ ಬಲಿಪೂಜೆಯ ಶುಭಸಂದೇಶ ಯೊವಾನ್ನರ 20ನೆಯ ಅಧ್ಯಾಯದ 1ರಿಂದ 9ನೆಯ ವಚನದವರೆಗೆ. ಮರಿಯಳು ಸಮಾಧಿಯ ಕಲ್ಲು ಉರುಳಿರುವುದನ್ನು ಕಂಡು ಓಡುತ್ತಾಳೆ, ಶಿಷ್ಯರಿಬ್ಬರು ಬಂದು ನೋಡುತ್ತಾರೆ, ವಾಚನ ಮುಗಿಯುತ್ತದೆ. ಪ್ರಭು ಆಕೆಯನ್ನು ಹೆಸರು ಹಿಡಿದು ಕರೆಯುವ ಪ್ರಸಂಗ ಮಂಗಳವಾರಕ್ಕೆ ಹೋಗಿದೆ. ಮೂರು ವರ್ಷಗಳ ಭಾನುವಾರದ ವಾಚನಚಕ್ರದಲ್ಲಿ ಅದಕ್ಕೆ ಎಲ್ಲಿಯೂ ಜಾಗವಿಲ್ಲ. ಇನ್ನು 'ಸಿ' ವರ್ಷದ ಸಾಧಾರಣಕಾಲದ 11ನೆಯ ಭಾನುವಾರದ ದೀರ್ಘ ವಾಚನ ಲೂಕರ ಪಾಪಿಸ್ತ್ರೀಯ ಪ್ರಸಂಗವನ್ನೂ, ಅದರ ಬೆನ್ನಿಗೆ ಮಗ್ದಲದ ಮರಿಯಳ ಹೆಸರು ಬರುವ ಮೂರು ವಚನಗಳನ್ನೂ ಒಂದೇ ಉಸಿರಿನಲ್ಲಿ ಓದಿಸುತ್ತದೆ. ಹಬ್ಬದ ಆಜ್ಞಾಪತ್ರ 2016ರ ಜೂನ್ 10ರಂದು ಪ್ರಕಟವಾಯಿತು. ಎರಡೇ ದಿನಗಳ ನಂತರ, ಜೂನ್ 12ರಂದು, ಬಂದದ್ದು ಅದೇ 11ನೆಯ ಭಾನುವಾರ. ವ್ಯಾಖ್ಯಾನವಿಲ್ಲದೆ ಆ ವಾಚನವನ್ನು ಕೇಳಿದವರಿಗೆ ಹಳೆಯ ನಂಬಿಕೆಯೇ ಗಟ್ಟಿಯಾಗಿರಬೇಕು.

ಜುಲೈ 22 ಸಾಮಾನ್ಯವಾಗಿ ವಾರದ ದಿನ. ಅಂದಿನ ಬಲಿಪೂಜೆಗೆ ಬರುವವರು ಕೆಲವರು. ತಪಸ್ಸುಕಾಲದ ಧ್ಯಾನಕೂಟಗಳಿಗೆ, ಶುಭಶುಕ್ರವಾರದ ಪಾಡಿನ ರೂಪಕಗಳಿಗೆ ಬರುವವರು ಹಲವರು. ತಿದ್ದಿದ ಮಾತನ್ನು ಕೆಲವರಿಗೆ ಓದುತ್ತೇವೆ, ತಿದ್ದಬೇಕಾದ ಮಾತನ್ನು ಹಲವರ ಮುಂದೆ ಆಡುತ್ತೇವೆ. ಗ್ರಂಥದಿಂದ ಅಳಿಸಿದ ಮಾತು ನೆನಪಿನಿಂದ ತಾನಾಗಿಯೇ ಅಳಿಯುವುದಿಲ್ಲ.

ನಮ್ಮ ಹೊಣೆ

ಪುನರುಕ್ತಿಯಿಂದ ನೆಲೆಯಾದದ್ದನ್ನು ಒಂದು ಪ್ರಕಟಣೆ ಕದಲಿಸಲಾರದು; ಇನ್ನೊಂದು ಪುನರುಕ್ತಿ ಮಾತ್ರ ಕದಲಿಸಬಲ್ಲದು. ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಮರಿಯಳು ವೇಶ್ಯೆಯಾಗಿರಲಿಲ್ಲ ಎಂದು ಪ್ರತಿ ಪ್ರಬೋಧನೆಯಲ್ಲಿಯೂ ಹೇಳುತ್ತ ಹೋದರೆ ಆ ಎರಡು ಪದಗಳನ್ನು ನಾವೇ ಮತ್ತೆ ಜೋಡಿಸಿದಂತಾಗುತ್ತದೆ. 'ಅಲ್ಲ' ಎಂಬುದು ಮರೆತುಹೋಗಿ ಜೋಡಣೆ ಮಾತ್ರ ಉಳಿಯುವ ಅಪಾಯವಿದೆ. ವಚನದ ಸಾಕ್ಷಿಯನ್ನೇ ಮುಂದಿಟ್ಟು ಹೇಳುವುದು ಮೇಲು: ಆಕೆ ಪ್ರಭುವನ್ನು ಮೊದಲು ಕಂಡವಳು, ಮೊದಲು ಸಾರಿದವಳು.

ಯಾಜಕ ಬಂಧುಗಳಿಗೂ ಗುರುವಿದ್ಯಾರ್ಥಿಗಳಿಗೂ ನಮ್ಮ ವಿನಂತಿ ಸಣ್ಣದು. ಪುನರುತ್ಥಾನ ಭಾನುವಾರದ ಪ್ರಬೋಧನೆಯಲ್ಲಿ ವಾಚನ ನಿಂತಲ್ಲಿ ನಿಲ್ಲದೆ ಮುಂದಿನ ಒಂಬತ್ತು ವಚನಗಳ ಕಥೆಯನ್ನೂ ಜನರಿಗೆ ಹೇಳಿರಿ. 11ನೆಯ ಭಾನುವಾರ ಬಂದಾಗ ಎರಡು ಪ್ರಸಂಗಗಳ ನಡುವೆ ಒಂದು ವಾಕ್ಯದ ವ್ಯಾಖ್ಯಾನ ಕೊಡಿರಿ. ಪಾಡಿನ ರೂಪಕವನ್ನು ಸಿದ್ಧಪಡಿಸುವ ಯುವಜನರ ಪಠ್ಯವನ್ನು ಒಮ್ಮೆ ಓದಿ ನೋಡಿರಿ. ಧರ್ಮೋಪದೇಶದ ತರಗತಿಯಲ್ಲಿ ಲೂಕರ ಸ್ತ್ರೀಯ ಕಥೆಯನ್ನು ಹೆಸರಿಲ್ಲದೆಯೇ ಹೇಳಿರಿ. ಹೆಸರಿಲ್ಲದವರನ್ನೂ ಪ್ರಭು ಕ್ಷಮಿಸಿದರೆಂಬುದು ಮಕ್ಕಳಿಗೆ ಒಳ್ಳೆಯ ಪಾಠ. ಇದನ್ನು ಒಂದು ವರ್ಷ ಮಾಡಿದರೆ ಸಾಲದು. ಒಂದು ತಲೆಮಾರಿನವರೆಗೆ ಮಾಡಬೇಕು.

ತಪಸ್ಸುಕಾಲದಲ್ಲಿ ನಾವು ಅಂದು ಆಡಿದ ಮಾತುಗಳನ್ನು ಕೇಳಿದವರು ಇಂದು ತಮ್ಮ ಮಕ್ಕಳಿಗೆ ಅದನ್ನೇ ಹೇಳುತ್ತಿರಬಹುದು. ಅವರೆಲ್ಲರನ್ನೂ ಮತ್ತೆ ಒಟ್ಟುಗೂಡಿಸಿ ತಿದ್ದುವುದು ನಮ್ಮಿಂದಾಗದು. ಮುಂದಿನ ತಪಸ್ಸುಕಾಲ ನಮ್ಮ ಕೈಯಲ್ಲಿದೆ. ಅಂದು ಪೀಠದಲ್ಲಿ ನಿಂತು 'ನಾವು ನಂಬುತ್ತೇವೆ' ಎನ್ನುವ ಮೊದಲು, ನಾವು ನಂಬಿದ್ದು ವಚನವನ್ನೋ, ಬರಿಯ ಬಳಕೆಯನ್ನೋ ಎಂದು ಗ್ರಂಥವನ್ನು ತೆರೆದು ನೋಡೋಣ.